ಚರ್ಚಿನ ಹಳೆ ಹಾಡು, ಹಳೆ ಆರಾಧನೆ ಉಳಿಸಿಕೊಳ್ಳುವುದು ಹೇಗೆ? ಹಾಸನ–ಚಿಕ್ಕಮಗಳೂರು ಕಡೆಯ ಸಭೆಗಳಿಗೆ ಒಂದು ಮಾರ್ಗದರ್ಶಿ

"ನಮ್ಮ ಚರ್ಚಿನಲ್ಲಿ ಹಳೆ ಹಾಡು ಗೊತ್ತಿರೋರು ನಾಲ್ಕೈದು ಜನ ಉಳಿದಿದ್ದಾರೆ ಅಷ್ಟೇ, ಈಗ ಏನು ಮಾಡೋದು?" ಸಕಲೇಶಪುರ, ಆಲೂರು, ಮೂಡಿಗೆರೆ, ಕೊಪ್ಪ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬರೆಯುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾಡಿನ ಪುಸ್ತಕ ಸಿಕ್ಕರೆ ಹಾಡು ಉಳಿಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಪುಸ್ತಕದಲ್ಲಿರುವುದು ಬರೀ ಸಾಹಿತ್ಯ. ರಾಗ ಇರುವುದು ಜನರ ಬಾಯಲ್ಲಿ. ಪುಸ್ತಕ ಬೀರುವಿನಲ್ಲಿ ಇನ್ನೂ ಮೂವತ್ತು ವರ್ಷ ಇದ್ದೀತು, ಎಂಬತ್ತು ದಾಟಿದ ಅಜ್ಜಿ ಅಷ್ಟು ದಿನ ಕಾಯಲಾರರು. ಹಾಗಾಗಿ ಮೊದಲು ದನಿ, ಆಮೇಲೆ ಕಾಗದ, ಕೊನೆಗೆ ಕಂಪ್ಯೂಟರ್. ಹೆಚ್ಚಿನ ಕಡೆ ಕೆಲಸ ಇದಕ್ಕೆ ಉಲ್ಟಾ ನಡೆಯುತ್ತದೆ. ಹುಡುಗರು ಉತ್ಸಾಹದಿಂದ ಪಿಡಿಎಫ್ ಮಾಡುತ್ತಾರೆ, ಅದು ಮುಗಿಯುವಷ್ಟರಲ್ಲಿ ಹಾಡುವವರೇ ಇರುವುದಿಲ್ಲ.

ನಮ್ಮ ಕಡೆ ಏನೇನಿದೆ?

ನಮ್ಮ ಎರಡು ಜಿಲ್ಲೆಗಳಲ್ಲಿ ಒಂದೇ ಬಗೆಯ ಪರಂಪರೆ ಇಲ್ಲ. ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ.

ಕಥೋಲಿಕರಲ್ಲಿ: ಪೂಜೆಯಲ್ಲಿ ದೇಶಭಾಷೆಗೆ ಬಾಗಿಲು ತೆರೆದ ಎರಡನೇ ವ್ಯಾಟಿಕನ್ ಮಹಾಸಭೆ ನಡೆದದ್ದು 1962ರಿಂದ 1965ರವರೆಗೆ. ಮೈಸೂರಿನಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಆದದ್ದು 1963ರಲ್ಲಿ. ಅಂದರೆ ನಮ್ಮ ಧರ್ಮಪ್ರಾಂತ್ಯ ಹುಟ್ಟಿದ್ದೂ ಪೂಜೆ ಲ್ಯಾಟಿನ್‌ನಿಂದ ಕನ್ನಡಕ್ಕೆ ತಿರುಗಿದ್ದೂ ಹೆಚ್ಚು ಕಡಿಮೆ ಒಂದೇ ಕಾಲ. 1965ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತರ ಮೇಲೆ. ಲ್ಯಾಟಿನ್ ಹಾಡನ್ನು ಪೂಜೆಯಲ್ಲೇ ಕೇಳಿ ಕಲಿತವರಲ್ಲಿ ಕೊನೆಯವರು ಇವರು. ಇದರ ಜೊತೆಗೆ ಕಾಫಿ ತೋಟದ ಕಡೆ ಕೊಂಕಣಿ ಹಾಡು, ತಮಿಳು ಹಾಡು ಬೇರೆ ಇವೆ. ಕನ್ನಡದ್ದಲ್ಲ ಅಂತ ಅವನ್ನು ಬಿಡಬೇಡಿ.

ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ: ಹಾಸನದ ಕಡೆ ವೆಸ್ಲಿಯನ್ ಮಿಷನ್‌ನ ಬೇರು ಇದೆ. ಹಾಸನದ ರೆಡ್‌ಫರ್ನ್ ಆಸ್ಪತ್ರೆ ಅವರದೇ ಕೊಡುಗೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್‌ನವರು ಅಲ್ಲೇ ಮುದ್ರಣಾಲಯ ತೆರೆದರು, ಮೈಸೂರಿನಲ್ಲಿ ವೆಸ್ಲಿಯನ್ನರ ಮುದ್ರಣಾಲಯ ಇತ್ತು. 1947ರಲ್ಲಿ ದಕ್ಷಿಣ ಭಾರತ ಸಭೆ ಆದ ಮೇಲೆ ಈ ಎರಡು ಮನೆತನಗಳ ಹಾಡು ಒಂದೇ ಸೂರಿನಡಿ ಬಂದವು. ಹಾಗಾಗಿ ಒಂದೇ ಸಾಹಿತ್ಯಕ್ಕೆ ಎರಡು ರಾಗ ಸಿಕ್ಕರೆ ಆಶ್ಚರ್ಯ ಪಡಬೇಡಿ. ಎರಡೂ ಬೇಕು.

ಶೆಟ್ಟಿಹಳ್ಳಿಯನ್ನು ಇಲ್ಲಿ ನೆನೆಯಲೇಬೇಕು. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು ಅದು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಅದರ ಫೋಟೊ ಲೆಕ್ಕವಿಲ್ಲದಷ್ಟು ಇವೆ. ಆದರೆ ಅಲ್ಲಿ ಹಾಡುತ್ತಿದ್ದದ್ದು ಗೋಡೆಗಳಲ್ಲ, ಜನ. ಮುಳುಗಡೆಯಾಗಿ ಬೇರೆ ಕಡೆ ಹೋದ ಕುಟುಂಬ ನಿಮ್ಮ ಸಭೆಯಲ್ಲಿ ಇದ್ದರೆ ಪಟ್ಟಿಯಲ್ಲಿ ಅವರ ಹೆಸರನ್ನು ಮೇಲೆ ಹಾಕಿ.

ಬೇಕಾಗುವ ಸಾಮಾನು

ಒಂದು ಒಳ್ಳೆ ಮೊಬೈಲ್, ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕು, ಒಂದು ನೋಟ್‌ಬುಕ್, ಶ್ರುತಿ ನೋಡಲು ಹಾರ್ಮೋನಿಯಂ ಅಥವಾ ಟ್ಯೂನರ್ ಆ್ಯಪ್, ಒಂದು ಹಾರ್ಡ್ ಡಿಸ್ಕ್, ಒಂದು ಪೆನ್‌ಡ್ರೈವ್. ಸ್ಟುಡಿಯೋ ಬೇಡ. ಸ್ಟುಡಿಯೋಗೆ ಕರೆದುಕೊಂಡು ಹೋದರೆ ದೊಡ್ಡವರು ಹೆದರಿಕೊಂಡು ಬೇರೆಯೇ ತರ ಹಾಡುತ್ತಾರೆ.

ಹಂತ 1: ಒಪ್ಪಿಗೆ ಮತ್ತು ಪಟ್ಟಿ

ಫಾದರ್ ಅಥವಾ ಪಾಸ್ಟರಿಗೆ ಮೊದಲೇ ಹೇಳಿ, ಪಾಲನಾ ಪರಿಷತ್ತು ಅಥವಾ ಪಾಸ್ಟರೇಟ್ ಕಮಿಟಿಯಲ್ಲಿ ಒಂದು ಸಾಲು ಬರೆಸಿ. ಗುರುಗಳು ವರ್ಗವಾದಾಗ ಹೊಸಬರಿಗೆ ತೋರಿಸಲು ಆ ಸಾಲು ಬೇಕಾಗುತ್ತದೆ.

ಆಮೇಲೆ ಪಟ್ಟಿ: ಹಳೆ ಉಪದೇಶಿಗಳು (ಧರ್ಮೋಪದೇಶ ಕಲಿಸುತ್ತಿದ್ದವರು), ಅವರ ಮನೆಯವರು, ನಿವೃತ್ತ ಸಿಸ್ಟರ್‌ಗಳು, ಹಳೆ ಕ್ವಾಯರ್‌ನವರು, ಹಾರ್ಮೋನಿಯಂ ಬಾರಿಸುತ್ತಿದ್ದವರು. ವಯಸ್ಸಿನ ಪ್ರಕಾರ ಬರೆಯಿರಿ, ಮೊದಲ ಹೆಸರಿನಿಂದ ಶುರು ಮಾಡಿ. ಚೆನ್ನಾಗಿ ಹಾಡುವವರನ್ನೇ ಹುಡುಕಬೇಡಿ. ದನಿ ನಡುಗಿದರೂ ಪರವಾಗಿಲ್ಲ, ರಾಗ ನೆನಪಿದ್ದರೆ ಸಾಕು.

ಹಂತ 2: ಯಾವ ಹಾಡು ಮೊದಲು?

ಕ್ರಿಸ್ಮಸ್ ಹಾಡಿನಿಂದ ಶುರು ಮಾಡಬೇಡಿ. ಅವು ಹೇಗೂ ಎಲ್ಲರಿಗೂ ಗೊತ್ತು. ವರ್ಷಕ್ಕೆ ಒಂದೇ ಸಲ ಹಾಡುವ ಹಾಡುಗಳು ಬೇಗ ಹೋಗುತ್ತವೆ: ಶಿಲುಬೆ ಹಾದಿಯ ಪದಗಳು, ಗರಿಗಳ ಭಾನುವಾರದ ಮೆರವಣಿಗೆಯ ಹಾಡು, ಶುಭ ಶುಕ್ರವಾರದ ಶೋಕಗೀತೆ, ಊರ ಹಬ್ಬದ ತೇರಿನ ಹಾಡು, ನೊವೆನಾ ಪ್ರಾರ್ಥನೆ. ನೊವೆನಾ ಎಂದರೆ ಒಂಬತ್ತು ದಿನ ಮಾಡುವ ಭಕ್ತಿ. ಒಂದು ವರ್ಷ ಯಾರೋ ಹೊಸ ಹಾಡು ತಂದರೆ ಸಾಕು, ಹಳೆಯದು ಮುಂದಿನ ವರ್ಷಕ್ಕೆ ಬರುವುದೇ ಇಲ್ಲ.

ಸಾವಿನ ಹಾಡಿನ ವಿಷಯ ಸ್ವಲ್ಪ ಸೂಕ್ಷ್ಮ. ಮನೆಯಲ್ಲಿ ಸುಮ್ನೆ ಕೂತು ಶವಸಂಸ್ಕಾರದ ಹಾಡು ಹಾಡಿ ಅಂದರೆ ಎಷ್ಟೋ ಹಿರಿಯರು ಒಪ್ಪುವುದಿಲ್ಲ, ಮನೆಯವರೂ ಒಪ್ಪುವುದಿಲ್ಲ. ಒತ್ತಾಯ ಮಾಡಬೇಡಿ. ನವೆಂಬರ್ 2, ಸತ್ತವರ ಸ್ಮರಣೆಯ ದಿನ, ಸಿಮೆಟ್ರಿಯಲ್ಲೇ ಕೇಳಿ. ಅಲ್ಲಿ ತಾವಾಗಿಯೇ ಹಾಡುತ್ತಾರೆ.

ಹಂತ 3: ದನಿ ಹಿಡಿಯುವುದು

ಮಲೆನಾಡಿನಲ್ಲಿ ಇದಕ್ಕೆ ಕಾಲ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ಏನೂ ಕೇಳುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ತೋಟದವರು ಕಾಫಿ ಕುಯ್ಲಿನಲ್ಲಿರುತ್ತಾರೆ. ತಪಸ್ಸು ಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನ, ಎಲ್ಲಕ್ಕಿಂತ ಒಳ್ಳೆಯದು. ಕೆಲಸ ಸ್ವಲ್ಪ ಕಡಿಮೆ, ಹಾಡೂ ಬಾಯಿಗೆ ಬರುವ ಸಮಯ. ಬೆಳಿಗ್ಗೆ ಹೋಗಿ. ಸಂಜೆ ಜೀರುಂಡೆ ಶುರುವಾದರೆ ರೆಕಾರ್ಡಿಂಗ್ ತುಂಬಾ ಅದೇ.

ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಫ್ಯಾನ್ ನಿಲ್ಲಿಸಿ, ಫ್ರಿಜ್ ಇರುವ ಕೋಣೆ ಬೇಡ. ಮೈಕು ಬಾಯಿಂದ ಒಂದು ಗೇಣು ದೂರ ಇರಲಿ. ರೆಕಾರ್ಡರ್ ಆ್ಯಪ್‌ನಲ್ಲಿ 'ವೇವ್' ಎಂಬ ಫಾರ್ಮ್ಯಾಟ್ ಆರಿಸಿ, 48 ಕಿಲೋಹರ್ಟ್ಸ್, 24 ಬಿಟ್ ಸಿಕ್ಕರೆ ಅದು. ವೇವ್ ಅಂದರೆ ದನಿಯನ್ನು ಒತ್ತಿ ಸಣ್ಣದು ಮಾಡದ ಫೈಲು. ಜಾಗ ಜಾಸ್ತಿ ತಿನ್ನುತ್ತದೆ, ತಿನ್ನಲಿ.

ಇನ್ನು ಹಾಡಿಸುವ ಕ್ರಮ:

ಒಬ್ಬರನ್ನೇ ಕೂರಿಸಬೇಡಿ, ಜೊತೆಗೆ ಹಾಡುತ್ತಿದ್ದ ಇನ್ನೊಬ್ಬರನ್ನೂ ಕರೆಯಿರಿ. ಒಬ್ಬರು ಮರೆತ ಸಾಲು ಇನ್ನೊಬ್ಬರ ಬಾಯಲ್ಲಿ ಇರುತ್ತದೆ.

ಶ್ರುತಿ ನೀವು ಕೊಡಬೇಡಿ, ಅವರೇ ಹಿಡಿಯಲಿ. ಆಮೇಲೆ ಹಾರ್ಮೋನಿಯಂನಲ್ಲಿ ಅದು ಎಷ್ಟು ಮನೆ ಅಂತ ನೋಡಿ ಬರೆದುಕೊಳ್ಳಿ. ಒಂದು ಮನೆ ಅಂದರೆ ಕೀಬೋರ್ಡಿನವರು ಹೇಳುವ ಸಿ, ಎರಡು ಅಂದರೆ ಡಿ, ನಾಲ್ಕು ಎಫ್, ಐದು ಜಿ. ನಡುವಿನ ಕರಿ ಮನೆಗಳು ಒಂದೂವರೆ, ಎರಡೂವರೆ, ನಾಲ್ಕೂವರೆ ಹೀಗೆ.

ಪೂರ್ತಿ ಹಾಡಿಸಿ. ಮೊದಲ ಚರಣ ಆದ ಮೇಲೆ "ಉಳಿದದ್ದೂ ಇದೇ ತರ" ಅನ್ನುತ್ತಾರೆ. ಆಗಲಿ, ಆದರೂ ಹಾಡಿ ಅನ್ನಿ. ಮೂರನೇ ಚರಣದಲ್ಲಿ ಪದ ಉದ್ದವಾದಾಗ ರಾಗವನ್ನು ಹೇಗೆ ಬಗ್ಗಿಸುತ್ತಾರೆ ಅನ್ನುವುದು ಅಲ್ಲೇ ಗೊತ್ತಾಗುವುದು.

ತಿದ್ದಬೇಡಿ. "ಅಜ್ಜಿ, ಪುಸ್ತಕದಲ್ಲಿ ಹೀಗಿದೆ" ಅಂದ ಕೂಡಲೇ ಅವರು ನೆನಪಿನಿಂದ ಹಾಡುವುದನ್ನು ಬಿಟ್ಟು ಪುಸ್ತಕ ನೋಡಿ ಹಾಡಲು ಶುರು ಮಾಡುತ್ತಾರೆ. ನಿಮಗೆ ಬೇಕಾಗಿದ್ದದ್ದು ಅಲ್ಲಿಗೆ ಹೋಯಿತು.

ಹಾಡು ಮುಗಿದ ಮೇಲೆ ರೆಕಾರ್ಡರ್ ನಿಲ್ಲಿಸದೆ ಮಾತಾಡಿಸಿ. ಯಾರು ಕಲಿಸಿದರು, ಯಾವ ಊರಿನಲ್ಲಿ, ಯಾವ ಹಬ್ಬಕ್ಕೆ, ಮಂಡಿಯೂರಿ ಹಾಡುತ್ತಿದ್ದರೋ ನಡೆಯುತ್ತಾ ಹಾಡುತ್ತಿದ್ದರೋ, ಗಂಡಸರು ಒಂದು ಸಾಲು ಹೆಂಗಸರು ಒಂದು ಸಾಲು ಹಾಡುತ್ತಿದ್ದರೋ ಅಂತೆಲ್ಲ ಕೇಳಿ. ಆರಾಧನೆಯ ಕ್ರಮ ಸಿಗುವುದು ಈ ಮಾತಿನಲ್ಲೇ. ಬರೀ ಹಾಡು ಉಳಿದು ಎಲ್ಲಿ, ಯಾವಾಗ ಹಾಡಬೇಕು ಅನ್ನುವುದು ಹೋದರೆ ಅರ್ಧ ಹೋದ ಹಾಗೆ, ಅಲ್ವಾ?

ಕೊನೆಗೆ, ಫೈಲನ್ನು ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಬೇಡಿ, ದನಿಯ ಗುಣಮಟ್ಟ ಇಳಿಯಬಹುದು. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಆರಿಸಿ. ಅವತ್ತೇ ಫೈಲಿಗೆ ಹೆಸರಿಡಿ: ತಾರೀಖು, ಊರು, ಹಾಡಿನ ಮೊದಲ ಎರಡು ಪದ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟರೆ ಹಳೆ ಕಂಪ್ಯೂಟರಿನಲ್ಲೂ ತೊಂದರೆ ಆಗುವುದಿಲ್ಲ.

ಹಂತ 4: ಪುಸ್ತಕ, ಕೈಬರಹ, ಕ್ಯಾಸೆಟ್

ಶೀತ ಹಿಡಿದ ಪುಸ್ತಕವನ್ನು ಬಿಸಿಲಿಗೆ ಇಡಬೇಡಿ, ಹಾಳೆ ಸುರುಳಿಯಾಗಿ ಮುರಿಯುತ್ತದೆ. ನೆರಳಲ್ಲಿ, ಫ್ಯಾನ್ ಗಾಳಿಯಲ್ಲಿ, ಹಾಳೆಗಳ ನಡುವೆ ಬಿಳಿ ಕಾಗದ ಇಟ್ಟು ನಿಧಾನವಾಗಿ ಒಣಗಿಸಿ. ಲ್ಯಾಮಿನೇಷನ್ ಬೇಡ, ಸೆಲೋಟೇಪ್ ಅಂತೂ ಬೇಡವೇ ಬೇಡ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಅಕ್ಷರವನ್ನೇ ತಿನ್ನುತ್ತದೆ.

ಸ್ಕ್ಯಾನ್ ಮಾಡುವುದಾದರೆ 300 ಡಿಪಿಐ ಇರಲಿ. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಅನ್ನುವ ಲೆಕ್ಕ. ಮೊಬೈಲಿನಲ್ಲಾದರೆ ಕಿಟಕಿಯ ಬೆಳಕಲ್ಲಿ, ಫ್ಲ್ಯಾಷ್ ಇಲ್ಲದೆ, ನೇರ ಮೇಲಿನಿಂದ ತೆಗೆಯಿರಿ. ರಟ್ಟು, ಖಾಲಿ ಹಾಳೆ, ಅಂಚು ಯಾವುದನ್ನೂ ಬಿಡಬೇಡಿ. ಹಳೆ ಕ್ವಾಯರ್ ಮಾಸ್ಟರ್‌ಗಳು ಪೆನ್ಸಿಲಿನಲ್ಲಿ ಟ್ಯೂನಿನ ಹೆಸರು, ಶ್ರುತಿ ಎಲ್ಲ ಬರೆದಿಡುತ್ತಿದ್ದದ್ದು ಅಂಚಿನಲ್ಲೇ. ಲ್ಯಾಟಿನ್ ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡ ನೋಟ್‌ಬುಕ್ ಸಿಕ್ಕರಂತೂ ಒಂದು ಅಕ್ಷರವನ್ನೂ ತಿದ್ದದೆ ಹಾಗೇ ಇಡಿ. ಅವರು ಅದನ್ನು ಹೇಗೆ ಉಚ್ಚರಿಸುತ್ತಿದ್ದರು ಅನ್ನುವುದಕ್ಕೆ ಅದೇ ಸಾಕ್ಷಿ.

ಕ್ಯಾಸೆಟ್ಟಿನ ಸುರುಳಿಯ ಮೇಲೆ ಬಿಳಿ ಬೂಸ್ಟು ಕಂಡರೆ ಹಾಕಿ ನೋಡಲು ಹೋಗಬೇಡಿ, ಟೇಪೂ ಹಾಳು ಡೆಕ್ಕೂ ಹಾಳು. ಅದನ್ನು ಗೊತ್ತಿರುವವರಿಗೆ ಕೊಡಿ. ಚೆನ್ನಾಗಿದ್ದರೆ ಮೊದಲು ಹಿಂಬದಿಯ ಎರಡು ಪ್ಲಾಸ್ಟಿಕ್ ತುಂಡು ಮುರಿಯಿರಿ. ಆಗ ಕೈತಪ್ಪಿ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಡೆಕ್ಕಿನಿಂದ ಕಂಪ್ಯೂಟರಿಗೆ ವೈರ್ ಹಾಕಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತುಂಬಿಸಿಕೊಳ್ಳಿ. ಗೊರಗೊರ ಸದ್ದು ತೆಗೆಯುವುದು ಆಮೇಲೆ, ಅದೂ ಪ್ರತಿಯ ಮೇಲೆ. ಮೂಲ ಫೈಲು ಗೊರಗೊರ ಸಮೇತ ಹಾಗೇ ಇರಲಿ.

ಹಂತ 5: ಸಾಹಿತ್ಯ ಟೈಪ್ ಮಾಡುವುದು

ಯೂನಿಕೋಡ್‌ನಲ್ಲೇ ಮಾಡಿ. ಹಳೆ ನುಡಿ, ಬರಹ ಫಾಂಟಿನಲ್ಲಿ ಮಾಡಿಟ್ಟ ಹಾಡಿನ ಫೈಲುಗಳು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರ. ಅಂಥದ್ದು ಇದ್ದರೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ. ಒತ್ತಕ್ಷರ, ಅರ್ಕಾವತ್ತು ತಪ್ಪುವುದು ಜಾಸ್ತಿ, ಸಾಲು ಸಾಲಾಗಿ ನೋಡಿ.

ವಿಚಿತ್ರ ಪದ ಕಂಡರೆ ತಪ್ಪು ಅಂತ ತೀರ್ಮಾನಿಸುವ ಮುಂಚೆ ಕಿಟೆಲ್ ನಿಘಂಟು ನೋಡಿ. 1894ರದ್ದು, ಈ ಹಾಡುಗಳು ಹುಟ್ಟಿದ ಕಾಲದ ಕನ್ನಡ ಅದರಲ್ಲಿ ಸಿಗುತ್ತದೆ. ಇವತ್ತಿನ ಪದ ಹಾಕಬೇಕು ಅನಿಸಿದರೆ ಬೇರೆ ಫೈಲಿನಲ್ಲಿ ಹಾಕಿ.

ಹಂತ 6: ಸ್ವರ ಬರೆಯುವುದು

ಎಲ್ಲ ಸಭೆಗೂ ಇದು ಸಾಧ್ಯ ಅಂತ ನಾನು ಹೇಳುವುದಿಲ್ಲ. ದನಿ, ಸಾಹಿತ್ಯ ಎರಡು ಇದ್ದರೂ ದೊಡ್ಡ ಕೆಲಸವೇ. ಸಂಗೀತ ಗೊತ್ತಿರುವ ಒಬ್ಬರು ಸಿಕ್ಕರೆ ಮಾತ್ರ ಇದಕ್ಕೆ ಕೈ ಹಾಕಿ.

ಸಿಎಸ್‌ಐ ಹಳೆ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ 8.6.8.6 ಅಂತಲೋ 8.8.8.8 ಅಂತಲೋ ಅಂಕಿ ಕಂಡರೆ ಅದು ಮೀಟರ್: ಒಂದೊಂದು ಸಾಲಿನಲ್ಲಿ ಎಷ್ಟು ಉಚ್ಚಾರಾಂಶ ಎಂಬ ಲೆಕ್ಕ. ಒಂದೇ ಮೀಟರಿನ ಯಾವ ಟ್ಯೂನನ್ನು ಬೇಕಾದರೂ ಆ ಸಾಹಿತ್ಯಕ್ಕೆ ಹಾಕಬಹುದು. ಹಾಗಾಗಿ ಪುಸ್ತಕದ ಟ್ಯೂನೇ ನಿಮ್ಮ ಸಭೆಯ ಟ್ಯೂನ್ ಆಗಿರಬೇಕಿಲ್ಲ. ರೆಕಾರ್ಡಿಂಗ್ ಕೇಳಿ ತೀರ್ಮಾನಿಸಿ.

ಡೋ ರೇ ಮೀ ಎಂದು ಬರೆಯುವ ಸಾಲ್‌ಫಾ ಪದ್ಧತಿ ಹಳೆ ಕ್ವಾಯರ್‌ನವರಿಗೆ ಗೊತ್ತಿರುತ್ತದೆ. ಅದನ್ನು ಸರಿಗಮಕ್ಕೆ ತಿರುಗಿಸುವುದು ಸುಲಭ: ಡೋ ಅಂದರೆ ಸ, ರೇ ಅಂದರೆ ರಿ. ಮೇಜರ್ ಸ್ಕೇಲಿನ ಹಾಡಾದರೆ ನೇರವಾಗಿ ಶಂಕರಾಭರಣದ ಸ್ವರ ಬರುತ್ತದೆ. ಎಡವುವುದು ಮೈನರ್ ಹಾಡಿನಲ್ಲಿ. ಸಾಲ್‌ಫಾದಲ್ಲಿ ಮೈನರ್ ಹಾಡಿನ ಆಧಾರ ಸ್ವರ ಡೋ ಅಲ್ಲ, ಲಾ. ಕಣ್ಣು ಮುಚ್ಚಿ ಡೋ ಅನ್ನು ಸ ಮಾಡಿದರೆ ಹಾಡು ಹೋಗಿ ದ ಮೇಲೆ ನಿಂತುಬಿಡುತ್ತದೆ. ಅಂಥ ಕಡೆ ಲಾ ಅನ್ನೇ ಸ ಮಾಡಿಕೊಳ್ಳಿ, ನಠಭೈರವಿಯ ಸ್ವರಗಳು ಸಿಗುತ್ತವೆ. ತಪಸ್ಸು ಕಾಲದ ಹಾಡುಗಳಲ್ಲಿ ಇದನ್ನು ವಿಶೇಷವಾಗಿ ನೋಡಿಕೊಳ್ಳಿ.

ಇನ್ನೊಂದು ವಿಷಯ. ಪಾಶ್ಚಾತ್ಯ ಟ್ಯೂನಿಗೆ ಕನ್ನಡ ಕೂರಿಸಿದಾಗ ಹ್ರಸ್ವ ಅಕ್ಷರದ ಮೇಲೆ ಉದ್ದ ಸ್ವರ ಬಂದುಬಿಡುತ್ತದೆ. 'ಕರುಣಾಮಯ' ಎಂಬ ಪದ ತೆಗೆದುಕೊಳ್ಳಿ. ಟ್ಯೂನಿನ ಮೊದಲ ಸ್ವರ ಉದ್ದ ಇದ್ದರೆ ಪುಸ್ತಕದ ಪ್ರಕಾರ 'ಕಾ–ರುಣಾ' ಅನ್ನಬೇಕು. ಕನ್ನಡದ ಕಿವಿ ಇರುವ ಹಿರಿಯರು ಹಾಗೆ ಅನ್ನುವುದಿಲ್ಲ. 'ಕರು' ಎರಡನ್ನೂ ಆ ಒಂದು ಸ್ವರದೊಳಗೆ ಸೇರಿಸಿ, 'ಣಾ' ಮೇಲೆ ನಿಂತು ಎಳೆಯುತ್ತಾರೆ. ಸ್ವರ ಬರೆಯುವವರು ಇದನ್ನು ತಪ್ಪು ಅಂದುಕೊಂಡು ಮೂಲ ಟ್ಯೂನಿಗೆ ಸರಿಪಡಿಸಿಬಿಡುತ್ತಾರೆ. ದಯವಿಟ್ಟು ಬೇಡ. ಆ ಎಳೆತದಲ್ಲೇ ಹಾಡು ನಮ್ಮದಾಗಿರುವುದು.

ಲ್ಯಾಟಿನ್‌ನ ಗ್ರೆಗೋರಿಯನ್ ಹಾಡಿಗೆ ತಾಳ ಇಲ್ಲ. ಮೆಟ್ರೋನೋಮ್ (ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ಸಾಧನ) ಹಾಕಿ ಆದಿತಾಳಕ್ಕೆ ಕಟ್ಟಲು ಹೋಗಬೇಡಿ. ಪದ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೋ ಅಲ್ಲಿ ಒಂದು ಗೀಟು ಹಾಕಿದರೆ ಸಾಕು. ಉಳಿದ ಹಾಡುಗಳಿಗೆ ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶ ಇದೆ. ಸ್ವರದ ಕೆಳಗೆ ಕನ್ನಡ ಸಾಹಿತ್ಯವನ್ನೂ ಹಾಕಬಹುದು.

ಹಂತ 7: ಮತ್ತೆ ಪೂಜೆಗೆ ತರುವುದು

ಹಾರ್ಡ್ ಡಿಸ್ಕಿನಲ್ಲಿರುವ ಹಾಡು ಉಳಿದ ಹಾಡಲ್ಲ. ಜನ ಹಾಡಬೇಕು.

"ಹಳೆಯದೆಲ್ಲ ಈಗ ಯಾಕೆ, ಸಭೆಯೇ ಬದಲಾವಣೆ ಮಾಡಿದೆಯಲ್ಲ" ಎಂಬ ಮಾತು ಬರುತ್ತದೆ. 1963ರ ಡಿಸೆಂಬರ್ 4ರಂದು ವ್ಯಾಟಿಕನ್ ಮಹಾಸಭೆ ಹೊರಡಿಸಿದ ಆರಾಧನಾ ವಿಧಿಯ ಶಾಸನ ತೋರಿಸಿ. ದೇಶಭಾಷೆಗೆ ಬಾಗಿಲು ತೆರೆದದ್ದು ಅದೇ. ಪವಿತ್ರ ಸಂಗೀತದ ಭಂಡಾರವನ್ನು ಬಹಳ ಜೋಪಾನವಾಗಿ ಕಾಪಾಡಬೇಕು ಅಂದದ್ದೂ (114ನೇ ಕಲಂ), ಆಯಾ ನಾಡಿನ ಸಂಗೀತ ಪರಂಪರೆಗೆ ತಕ್ಕ ಗೌರವ ಕೊಡಬೇಕು ಅಂದದ್ದೂ (119ನೇ ಕಲಂ) ಅದೇ. ಅದನ್ನಿಟ್ಟುಕೊಂಡು ಜಗಳಕ್ಕೆ ಮಾತ್ರ ಹೋಗಬೇಡಿ. ಹೊಸ ಹಾಡು ಹಾಡುವ ಹುಡುಗರನ್ನು ಬಿಟ್ಟರೆ ಈ ಕೆಲಸಕ್ಕೆ ಬೇರೆ ಕೈ ಇಲ್ಲ.

ಒಂದು ತಿಂಗಳಿಗೆ ಒಂದೇ ಹಾಡು. ನಾಲ್ಕು ಭಾನುವಾರ ಅದನ್ನೇ ಹಾಡಿ. ಕಥೋಲಿಕ ಪೂಜೆಯಲ್ಲಿ ಪರಮಪ್ರಸಾದದ ಹೊತ್ತು ಒಳ್ಳೆಯದು, ನಿಧಾನದ ಹಾಡಿಗೆ ಅಲ್ಲಿ ಜಾಗ ಇದೆ. ಪ್ರವೇಶಗೀತೆಗೆ ಹಾಕಿದರೆ ಜನ ಇನ್ನೂ ಒಳಗೆ ಬರುತ್ತಿರುತ್ತಾರೆ, ಯಾರೂ ಕಲಿಯುವುದಿಲ್ಲ. ಸಿಎಸ್‌ಐನಲ್ಲಿ ಪ್ರಸಂಗಕ್ಕೆ, ಅಂದರೆ ಪಾಸ್ಟರ ಬೋಧನೆಗೆ, ಮುಂಚಿನ ಹಾಡು ಸರಿ. ಆರಾಧನೆ ಶುರುವಾಗುವ ಹತ್ತು ನಿಮಿಷ ಮುಂಚೆ, ರೆಕಾರ್ಡಿಂಗಿನಲ್ಲಿ ಹಾಡಿದ ಹಿರಿಯರನ್ನೇ ನಿಲ್ಲಿಸಿ ಒಂದು ಸಲ ಹೇಳಿಕೊಡಿಸಿ.

ಹಾಳಾಗುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ಕೀಬೋರ್ಡಿನ ರಿದಂ. ಶುಭ ಶುಕ್ರವಾರದ ಹಾಡಿಗೂ ಡಿಸ್ಕೋ ಬೀಟ್ ಕೇಳಿದವರು ನೀವೂ ಇರುತ್ತೀರಿ. ಆ ಗುಂಡಿ ಒತ್ತಲೇಬೇಡಿ. ಎರಡು, ಶ್ರುತಿ. ಕ್ವಾಯರ್‌ಗೆ ಅನುಕೂಲ ಅಂತ ಮೇಲಿನ ಶ್ರುತಿಗೆ ಹಾಕಿದರೆ ಕೂತ ಜನ ಬಾಯಿ ಮುಚ್ಚುತ್ತಾರೆ. ಹಂತ 3ರಲ್ಲಿ ಎಷ್ಟು ಮನೆ ಅಂತ ಬರೆದುಕೊಂಡಿರಲ್ಲ, ಅದೇ ಇಲ್ಲಿ ಬೇಕು. ಮೂರು, ಮೈಕು. ಕ್ವಾಯರ್‌ನ ನಾಲ್ಕು ಜನರ ಕೈಗೂ ಒಂದೊಂದು ಮೈಕು ಕೊಟ್ಟರೆ ಸಭೆಯವರು ಕೇಳುಗರಾಗಿಬಿಡುತ್ತಾರೆ. ಒಂದೇ ಮೈಕು, ಅದೂ ಸಣ್ಣಗೆ. ಎರಡನೇ ಚರಣಕ್ಕೆ ಅದನ್ನೂ ನಿಲ್ಲಿಸಿ ನೋಡಿ.

ಕೊಂಕಣಿ, ತಮಿಳು ಹಾಡುಗಳನ್ನು ಕನ್ನಡ ಪೂಜೆಗೆ ತುರುಕುವ ಅಗತ್ಯ ಇಲ್ಲ. ಭಾಷೆ ವಿಷಯದಲ್ಲಿ ಎಲ್ಲ ಕಡೆ ಸ್ವಲ್ಪ ಬಿಸಿ ಇದ್ದೇ ಇರುತ್ತದೆ. ವಾರ್ಡಿನ ಪ್ರಾರ್ಥನಾ ಕೂಟ, ಮನೆಯ ಜಪಸರ, ಸೆಪ್ಟೆಂಬರ್ 8ರ ಮಾತೆಯ ಹಬ್ಬದಂಥ ಕಡೆ ಅವು ಸಲೀಸಾಗಿ ಕೂರುತ್ತವೆ.

ಹಂತ 8: ಹಕ್ಕು ಮತ್ತು ಪ್ರತಿಗಳು

1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡು 60 ವರ್ಷದವರೆಗೆ ಹಾಡಿನ ಹಕ್ಕು ಅವರ ವಾರಸುದಾರರದು. ಆರಾಧನೆಯಲ್ಲಿ ಹಾಡಲು ಇದು ಅಡ್ಡಿ ಇಲ್ಲ. ಆದರೆ ಪುಸ್ತಕ ಮಾಡಿ ಮಾರುವುದು, ಯೂಟ್ಯೂಬಿಗೆ ಹಾಕುವುದು ಬೇರೆ ವಿಷಯ. 1970ರ, 80ರ ದಶಕದ ಎಷ್ಟೋ ಹಾಡುಗಳು ನಮಗೆ ಹಳೆಯವು, ಕಾನೂನಿಗೆ ಇನ್ನೂ ಹಳೆಯವಲ್ಲ. ಬರೆದವರ ಮನೆಯವರನ್ನು ಕೇಳಿ, ಕಾಗದದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಹಾಡಿದ ಹಿರಿಯರ ದನಿ ಹೊರಗೆ ಹಾಕುವುದಕ್ಕೂ ಅವರ ಸಹಿ ಬೇಕು. ಮನೆಯಲ್ಲಿ ಆಡಿದ ಮಾತಿನ ಭಾಗವನ್ನು ಸಾರ್ವಜನಿಕವಾಗಿ ಹಾಕಲೇಬೇಡಿ.

ಪ್ರತಿ ಮೂರು ಕಡೆ ಇರಲಿ: ಚರ್ಚಿನ ಬೀರುವಿನಲ್ಲಿ ಹಾರ್ಡ್ ಡಿಸ್ಕ್ (ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ), ಧರ್ಮಪ್ರಾಂತ್ಯ ಅಥವಾ ಡಯಾಸಿಸ್ ಕಚೇರಿಗೆ ಒಂದು ಪ್ರತಿ, ಇಂಟರ್ನೆಟ್‌ನಲ್ಲಿ ಒಂದು. ಹಾಡಿದವರ ಮನೆಗೆ ಪೆನ್‌ಡ್ರೈವಿನಲ್ಲಿ ಅವರ ಹಾಡು ಕೊಡುವುದು ಮರೆಯಬೇಡಿ. ಇಂಟರ್ನೆಟ್ ಖಾತೆಯನ್ನು ಯಾರದೋ ಸ್ವಂತ ಜಿಮೇಲ್‌ನಲ್ಲಿ ತೆರೆಯಬೇಡಿ. ಕ್ವಾಯರ್ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕ ದಿನ ಪಾಸ್‌ವರ್ಡೂ ಅವನ ಜೊತೆ ಬಸ್ ಹತ್ತುತ್ತದೆ. ಚರ್ಚಿನ ಹೆಸರಿನಲ್ಲೇ ಖಾತೆ ತೆರೆದು, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಜ್ಞಾನಸ್ನಾನದ ರಿಜಿಸ್ಟರ್ ಇಡುವ ಬೀರುವಿನಲ್ಲಿ ಇಡಿ.